ಫ್ರೀಬೋರ್

ಫ್ರೀಬೋರ್ ಎಂಬುದು ರೈಫಲ್ ನಳಿಕೆಯಲ್ಲಿ ತೋಟಾ ಕೂರುವ ಚೇಂಬರಿಗೂ ಸುರುಳಿ ತೋಡುಗಳು ಆರಂಭವಾಗುವ ಸ್ಥಳಕ್ಕೂ ನಡುವೆ ಇರುವ, ತೋಡುಗಳಿಲ್ಲದ ನುಣುಪಾದ ಭಾಗ. ಕುದುರೆಯನ್ನು ಎಳೆದಾಗ ತೋಟಾದ ಹಿತ್ತಾಳೆ ಕವಚದಿಂದ ಬಿಡಿಸಿಕೊಂಡ ಗುಂಡು ತೋಡುಗಳನ್ನು ಕಚ್ಚುವುದಕ್ಕೆ ಮುನ್ನ ಈ ಭಾಗದಲ್ಲಿ ಅಡೆತಡೆಯಿಲ್ಲದೆ ಮುಂದೆ ಸರಿಯುತ್ತದೆ. ಇದರ ಉದ್ದ ಸಾಮಾನ್ಯವಾಗಿ ಕೆಲವೇ ಮಿಲಿಮೀಟರುಗಳಷ್ಟಿದ್ದರೂ ಚೇಂಬರಿನಲ್ಲಿ ಉಂಟಾಗುವ ಗರಿಷ್ಠ ಒತ್ತಡ, ಗುಂಡಿನ ವೇಗ, ಗುರಿಯ ನಿಖರತೆ ಮತ್ತು ನಳಿಕೆಯ ಬಾಳಿಕೆಗಳ ಮೇಲೆ ಅದು ನೇರವಾದ ಪರಿಣಾಮ ಬೀರುತ್ತದೆ. ಫ್ರೀಬೋರ್ ಇಂತಿಷ್ಟೇ ಇರಬೇಕೆಂಬ ಸಾರ್ವತ್ರಿಕ ಅಳತೆ ಇಲ್ಲ. ಪ್ರತಿಯೊಂದು ಬಗೆಯ ತೋಟಾಕ್ಕೂ ಅದಕ್ಕೆ ಹೊಂದುವ ಅಳತೆಯನ್ನು ನಿಗದಿಪಡಿಸಲಾಗಿರುತ್ತದೆ. ತೋಟಾ ಮತ್ತು ಚೇಂಬರ್ ಪರಸ್ಪರ ಹೊಂದದಿದ್ದಾಗ ಅಪಾಯ ಹುಟ್ಟುತ್ತದೆ.

ರಚನೆ

ರೈಫಲ್ ನಳಿಕೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳನ್ನು ಕೊರೆಯಲಾಗಿರುತ್ತದೆ. ಎರಡು ತೋಡುಗಳ ನಡುವೆ ಉಳಿಯುವ ಉಬ್ಬು ಭಾಗಕ್ಕೆ ಏಣು ಎನ್ನಬಹುದು. ಏಣುಗಳ ನಡುವಿನ ವ್ಯಾಸ ಗುಂಡಿನ ವ್ಯಾಸಕ್ಕಿಂತ ಕಡಿಮೆ ಇರುವುದರಿಂದ, ಗುಂಡು ಒಳನುಗ್ಗುವಾಗ ಏಣುಗಳು ಅದರ ಮೈಯನ್ನು ಕಚ್ಚಿ ತಿರುಗಿಸುತ್ತವೆ. ಹೀಗೆ ದೊರೆಯುವ ಗಿರಕಿಯಿಂದ ಗುಂಡು ಗಾಳಿಯಲ್ಲಿ ಸ್ಥಿರವಾಗಿ ಸಾಗುತ್ತದೆ.

ಚೇಂಬರಿನ ಹಿಂಬದಿಯಿಂದ ಮುಂದಕ್ಕೆ ನೋಡಿದರೆ ಕ್ರಮವಾಗಿ ಈ ಭಾಗಗಳಿರುತ್ತವೆ:

- ಚೇಂಬರಿನ ಒಡಲು ಮತ್ತು ಭುಜ: ತೋಟಾದ ಕವಚ ಕೂರುವ ಜಾಗ.
- ಕತ್ತು: ಕವಚದ ಬಾಯಿ, ಅಂದರೆ ಗುಂಡನ್ನು ಹಿಡಿದಿರುವ ಭಾಗ ಕೂರುವ ಜಾಗ.
- ಫ್ರೀಬೋರ್: ಗುಂಡಿನ ವ್ಯಾಸಕ್ಕಿಂತ ಕೂದಲೆಳೆಯಷ್ಟು ಅಗಲವಾದ, ತೋಡುಗಳಿಲ್ಲದ ನೇರ ಕೊಳವೆ.
- ಲೀಡ್: ಏಣುಗಳು ಸೊನ್ನೆಯಿಂದ ಪೂರ್ಣ ಎತ್ತರಕ್ಕೆ ಏರುವ ಇಳಿಜಾರು. ಇದರ ಕೋನ ಸಾಮಾನ್ಯವಾಗಿ ಒಂದೆರಡು ಡಿಗ್ರಿ.
- ಪೂರ್ಣ ಪ್ರಮಾಣದ ಸುರುಳಿ ತೋಡುಗಳು.

ಫ್ರೀಬೋರ್ ಮತ್ತು ಲೀಡ್‌ಗಳನ್ನು ಒಟ್ಟಾಗಿ ನಳಿಕೆಯ ಗಂಟಲು ಎಂದು ಕರೆಯಲಾಗುತ್ತದೆ. ತೋಟಾ ಚೇಂಬರಿನಲ್ಲಿ ಕುಳಿತಿರುವಾಗ ಗುಂಡಿಗೂ ಏಣುಗಳ ಆರಂಭಕ್ಕೂ ಇರುವ ದೂರಕ್ಕೆ ಜಿಗಿತ ಎಂಬ ಹೆಸರಿದೆ. ಫ್ರೀಬೋರ್ ನಳಿಕೆಯ ಅಳತೆ, ಜಿಗಿತ ನಳಿಕೆ ಮತ್ತು ತೋಟಾ ಎರಡನ್ನೂ ಅವಲಂಬಿಸಿದ ಅಳತೆ. ಒಂದೇ ರೈಫಲ್‌ನಲ್ಲಿ ಗುಂಡಿನ ಆಕಾರ ಅಥವಾ ತೋಟಾದ ಒಟ್ಟು ಉದ್ದ ಬದಲಾದರೆ ಫ್ರೀಬೋರ್ ಹಾಗೆಯೇ ಉಳಿದು ಜಿಗಿತ ಮಾತ್ರ ಬದಲಾಗುತ್ತದೆ.

ಫ್ರೀಬೋರನ್ನು ಹೆಡ್‌ಸ್ಪೇಸ್ ಜೊತೆ ಗೊಂದಲ ಮಾಡಿಕೊಳ್ಳುವುದುಂಟು. ಹೆಡ್‌ಸ್ಪೇಸ್ ಎಂದರೆ ತೋಟಾದ ತಳವನ್ನು ಒತ್ತಿ ಹಿಡಿಯುವ ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ತೋಟಾವನ್ನು ತಡೆದು ನಿಲ್ಲಿಸುವ ಅಂಚು ಅಥವಾ ಭುಜಕ್ಕೂ ನಡುವಿನ ದೂರ. ಅದು ಕವಚಕ್ಕೆ ಸಂಬಂಧಿಸಿದ ಅಳತೆ, ಫ್ರೀಬೋರ್ ಗುಂಡಿಗೆ ಸಂಬಂಧಿಸಿದ ಅಳತೆ. ಒಂದು ಸರಿಯಾಗಿದ್ದ ಮಾತ್ರಕ್ಕೆ ಇನ್ನೊಂದು ಸರಿಯಾಗಿದೆ ಎಂದು ಭಾವಿಸುವಂತಿಲ್ಲ.

ಐತಿಹಾಸಿಕ ಹಿನ್ನೆಲೆ

ಗುಂಡಿಗೂ ನಳಿಕೆಗೂ ನಡುವೆ ಎಷ್ಟು ತೆರಪಿರಬೇಕು ಎಂಬ ಪ್ರಶ್ನೆ ರೈಫಲ್‌ಗಿಂತ ಹಳೆಯದು. ಬಾಯಿಯಿಂದ ಮದ್ದು ತುಂಬುವ ನುಣುಪು ನಳಿಕೆಯ ಕೋವಿಗಳಲ್ಲಿ ಗುಂಡು ನಳಿಕೆಗಿಂತ ಸಣ್ಣದಾಗಿರಲೇಬೇಕಿತ್ತು. ಕರಿಮದ್ದು ಉರಿದ ಮೇಲೆ ನಳಿಕೆಯೊಳಗೆ ಕಿಟ್ಟ ಕಟ್ಟುತ್ತಿದ್ದು, ಬಿಗಿಯಾದ ಗುಂಡನ್ನು ಕೆಲವು ಸುತ್ತುಗಳ ನಂತರ ಸಲಾಕೆಯಿಂದ ತಳದವರೆಗೆ ತಳ್ಳುವುದು ಅಸಾಧ್ಯವಾಗುತ್ತಿತ್ತು. ಬ್ರಿಟಿಷರ ‘ಬ್ರೌನ್ ಬೆಸ್’ ಮಸ್ಕೆಟ್‌ನ ನಳಿಕೆಯ ವ್ಯಾಸ ಸುಮಾರು 19 ಮಿ.ಮೀ. ಇದ್ದರೆ ಅದರ ಗುಂಡಿನ ವ್ಯಾಸ ಸುಮಾರು 17.5 ಮಿ.ಮೀ. ಮಾತ್ರ. ಈ ತೆರಪಿನಿಂದ ತುಂಬುವ ಕೆಲಸ ಚುರುಕಾಗುತ್ತಿತ್ತು. ಆದರೆ ಗುಂಡು ನಳಿಕೆಯ ಗೋಡೆಗಳಿಗೆ ಬಡಿಯುತ್ತ ಹೊರಬರುತ್ತಿದ್ದುದರಿಂದ ಗುರಿ ನಂಬುವಂತಿರಲಿಲ್ಲ.

ಮೈಸೂರು ಸಂಸ್ಥಾನದ ಚಕಮಕಿ ಕೋವಿಗಳೂ ಇದೇ ಕಾಲದವು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣ ಬಂದೂಕು ತಯಾರಿಕೆಯ ಮುಖ್ಯ ಕೇಂದ್ರವಾಗಿತ್ತು. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆ, ಅಂದರೆ ಇಂದಿನ ಪಾಂಡವಪುರ, ಅದೇ ಕಾರಣದಿಂದ ‘ಫ್ರೆಂಚ್ ರಾಕ್ಸ್’ ಎಂದು ಹೆಸರಾಯಿತು. 1799ರ ಮೇ 4ರಂದು ಕೋಟೆ ಪತನವಾದ ಮೇಲೆ ಬ್ರಿಟಿಷರು ಮಾಡಿದ ಪಟ್ಟಿಯಲ್ಲಿ ಬಂದೂಕು ತಯಾರಿಸುವ ಕಾರ್ಖಾನೆಗಳು, ಫಿರಂಗಿ ಎರಕದ ಮನೆಗಳು ಮಾತ್ರವಲ್ಲದೆ ಫಿರಂಗಿ ಮತ್ತು ಮಸ್ಕೆಟ್ ನಳಿಕೆಗಳನ್ನು ಕೊರೆಯುವ ಯಂತ್ರಗಳಿದ್ದ ಕಟ್ಟಡಗಳೂ ಸೇರಿದ್ದವು. ಯಂತ್ರದಿಂದ ಒಂದೇ ಅಳತೆಗೆ ಕೊರೆದ ನಳಿಕೆಗಳಿದ್ದಾಗ ಮಾತ್ರ ಗುಂಡುಗಳನ್ನು ಒಂದೇ ಅಚ್ಚಿನಲ್ಲಿ ಎರಕಹೊಯ್ದು ಇಡೀ ಪಡೆಗೆ ಹಂಚಲು ಸಾಧ್ಯ. ಹುಲಿಪಟ್ಟೆಯ ‘ಬಬ್ರಿ’ ಅಲಂಕಾರವಿರುವ ಟಿಪ್ಪುವಿನ ಕೋವಿಗಳು ಇಂದು ಬ್ರಿಟನ್ನಿನ ಹಲವು ಸಂಗ್ರಹಗಳಲ್ಲಿವೆ. ಶ್ರೀರಂಗಪಟ್ಟಣದಲ್ಲಿ ಉಳಿದಿರುವ ಮದ್ದಿನ ಮನೆಗಳಲ್ಲಿ ಒಂದನ್ನು 2017ರಲ್ಲಿ ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗಕ್ಕಾಗಿ ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಲಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ತೆರಪಿನ ಸಮಸ್ಯೆಗೆ ಎರಡು ಹಂತಗಳಲ್ಲಿ ಪರಿಹಾರ ದೊರೆಯಿತು. ಮೊದಲನೆಯದು, ಫ್ರಾನ್ಸಿನ ಕ್ಲೋಡ್ ಎತಿಯೆನ್ ಮಿನಿಯೆ 1849ರ ವೇಳೆಗೆ ರೂಪಿಸಿದ ಪೊಳ್ಳು ತಳದ ಗುಂಡು. ಸಡಿಲವಾಗಿ ಒಳಗಿಳಿಯುತ್ತಿದ್ದ ಇದು ಮದ್ದು ಸಿಡಿದಾಗ ಹಿಗ್ಗಿ ತೋಡುಗಳನ್ನು ಕಚ್ಚುತ್ತಿತ್ತು. ಎರಡನೆಯದು, ಹಿಂಬದಿಯಿಂದ ಲೋಹದ ತೋಟಾ ತುಂಬುವ ಕ್ರಮ. ಇದರಿಂದ ಗುಂಡನ್ನು ನಳಿಕೆಗಿಂತ ತುಸು ದಪ್ಪವಾಗಿಯೇ ಮಾಡಲು ಸಾಧ್ಯವಾಯಿತು. ಆಗ ಗುಂಡಿನ ಸುತ್ತ ಇದ್ದ ತೆರಪು ಮಾಯವಾಗಿ, ಗುಂಡಿನ ಮುಂದೆ ಇರಬೇಕಾದ ತೆರಪಿನ ಲೆಕ್ಕ, ಅಂದರೆ ಗಂಟಲಿನ ಅಳತೆ, ಮುಖ್ಯವಾಯಿತು.

ಉದ್ದನೆಯ ಫ್ರೀಬೋರನ್ನು ಬೇಟೆ ರೈಫಲ್‌ಗಳಲ್ಲಿ ಪ್ರಸಿದ್ಧಿಗೆ ತಂದವರು ಅಮೆರಿಕದ ರಾಯ್ ವೆದರ್ಬಿ. 1940ರ ದಶಕದಲ್ಲಿ ಅವರು ರೂಪಿಸಿದ ಅತಿವೇಗದ ಮ್ಯಾಗ್ನಮ್ ತೋಟಾಗಳ ಚೇಂಬರುಗಳಲ್ಲಿ ಕೆಲವಕ್ಕೆ 9 ಮಿ.ಮೀ.ಗೂ ಹೆಚ್ಚು ಉದ್ದದ ಫ್ರೀಬೋರ್ ಇದೆ.

ಕಾರ್ಯವಿಧಾನ

ತೋಟಾದ ಮದ್ದು ಒಮ್ಮೆಗೇ ಸಿಡಿಯುವುದಿಲ್ಲ, ಅತಿ ವೇಗವಾಗಿ ಉರಿಯುತ್ತದೆ. ಒತ್ತಡ ಹೆಚ್ಚಿದಂತೆ ಉರಿಯುವ ವೇಗವೂ ಹೆಚ್ಚುತ್ತದೆ. ಉರಿಯಿಂದ ಹುಟ್ಟಿದ ಅನಿಲಕ್ಕೆ ಜಾಗ ಸಿಗುವುದು ಗುಂಡು ಮುಂದೆ ಸರಿದಾಗ ಮಾತ್ರ. ಗುಂಡು ಏಣುಗಳನ್ನು ಕಚ್ಚುವ ಗಳಿಗೆಯಲ್ಲಿ ಅದರ ಮೈ ಕೊರೆಯಲ್ಪಡುವುದರಿಂದ ಚಲನೆಗೆ ದೊಡ್ಡ ಪ್ರತಿರೋಧ ಎದುರಾಗುತ್ತದೆ.

ಫ್ರೀಬೋರ್ ಇದ್ದಲ್ಲಿ ಗುಂಡು ಈ ಪ್ರತಿರೋಧವನ್ನು ಎದುರಿಸುವ ಮೊದಲೇ ಸ್ವಲ್ಪ ವೇಗ ಗಳಿಸಿಕೊಂಡಿರುತ್ತದೆ ಮತ್ತು ಅನಿಲ ಹಿಗ್ಗಲು ಹೆಚ್ಚಿನ ಜಾಗ ದೊರೆತಿರುತ್ತದೆ. ಪರಿಣಾಮವಾಗಿ ಒತ್ತಡದ ಏರಿಕೆ ನಿಧಾನವಾಗಿ, ಅದರ ಶಿಖರ ತಗ್ಗುತ್ತದೆ. ಹೀಗೆ ತಗ್ಗಿದ ಒತ್ತಡವನ್ನು ಲೆಕ್ಕದಲ್ಲಿಟ್ಟು ತಯಾರಕರು ಹೆಚ್ಚು ಮದ್ದು ತುಂಬಿ ಗುಂಡಿನ ವೇಗವನ್ನು ಏರಿಸಬಹುದು. ವೆದರ್ಬಿ ತೋಟಾಗಳ ಹಿಂದಿರುವ ತತ್ತ್ವ ಇದೇ.

ಸುರಕ್ಷತೆಯ ಮೇಲಿನ ಪರಿಣಾಮ

ಆಧುನಿಕ ಬೇಟೆ ರೈಫಲ್‌ಗಳ ಚೇಂಬರಿನಲ್ಲಿ ಒತ್ತಡ ಸುಮಾರು 4,000 ಬಾರ್‌ವರೆಗೆ, ಅಂದರೆ ವಾತಾವರಣದ ಒತ್ತಡದ ಸುಮಾರು 4,000 ಪಟ್ಟಿನವರೆಗೆ ಏರುತ್ತದೆ. ಕುದುರೆ ಎಳೆಯುವವರ ಮುಖ ಈ ಚೇಂಬರಿನಿಂದ ಒಂದು ಗೇಣಿನಷ್ಟು ದೂರದಲ್ಲಿರುತ್ತದೆ. ಆದ್ದರಿಂದ ಗಂಟಲಿನ ಅಳತೆಯ ತಪ್ಪು ಕಣ್ಣು ಮತ್ತು ಕೈಗಳಿಗೆ ಅಪಾಯ ತರಬಲ್ಲದು.

ಜಿಗಿತ ಇಲ್ಲದಿರುವುದು

ಗುಂಡು ಮೊದಲೇ ಏಣುಗಳಿಗೆ ಒತ್ತಿಕೊಂಡಿದ್ದರೆ ಅದು ನಿಂತ ನಿಲುವಿನಿಂದಲೇ ಪೂರ್ಣ ಪ್ರತಿರೋಧವನ್ನು ಎದುರಿಸಬೇಕಾಗುತ್ತದೆ. ಆಗ ಒತ್ತಡ ಬೇಗನೆ ಹಾಗೂ ಹೆಚ್ಚಾಗಿ ಏರುತ್ತದೆ. ಗರಿಷ್ಠ ಮಿತಿಯ ಹತ್ತಿರ ಮದ್ದು ತುಂಬಿದ ತೋಟಾದಲ್ಲಿ ಇಷ್ಟೇ ವ್ಯತ್ಯಾಸ ಮಿತಿಯನ್ನು ದಾಟಿಸಲು ಸಾಕಾಗಬಹುದು. ಚಪ್ಪಟೆಯಾದ ಪ್ರೈಮರ್, ಬಿಗಿಯಾಗಿ ಏಳುವ ಬೋಲ್ಟ್, ಕವಚದ ತಳದ ಮೇಲೆ ಹೊಳೆಯುವ ಗುರುತು, ಕವಚದಲ್ಲಿ ಬಿರುಕು ಇವು ಅತಿ ಒತ್ತಡದ ಲಕ್ಷಣಗಳು. ಇವು ಕಂಡೊಡನೆ ಆ ತೋಟಾಗಳ ಬಳಕೆ ನಿಲ್ಲಿಸಿ, ಕೋವಿಯನ್ನು ಪರವಾನಗಿ ಪಡೆದ ಕುಶಲಕರ್ಮಿಯಿಂದ ಪರೀಕ್ಷಿಸಬೇಕಾಗುತ್ತದೆ.

ಇದರ ವಿರುದ್ಧದ ತಪ್ಪೂ ಇದೆ. ಜಿಗಿತ ಹೆಚ್ಚಿಸಲೆಂದು ಗುಂಡನ್ನು ಕವಚದೊಳಕ್ಕೆ ಅತಿಯಾಗಿ ಇಳಿಸಿದರೆ ಮದ್ದಿಗೆ ಉಳಿಯುವ ಜಾಗ ಕುಗ್ಗಿ, ಒಂದು ಹಂತದ ನಂತರ ಒತ್ತಡ ತಗ್ಗುವ ಬದಲು ಮತ್ತೆ ಏರತೊಡಗುತ್ತದೆ.

ಸಿಕ್ಕಿಕೊಂಡ ಗುಂಡು

ಏಣುಗಳಿಗೆ ಒತ್ತಿಕೊಂಡ ಗುಂಡಿರುವ ತೋಟಾವನ್ನು ಹಾರಿಸದೆ ಹೊರತೆಗೆಯಲು ಹೋದಾಗ ಗುಂಡು ಗಂಟಲಲ್ಲೇ ಉಳಿದು ಕವಚ ಮಾತ್ರ ಹೊರಬರಬಹುದು. ಮದ್ದಿನ ಕಾಳುಗಳು ಬೋಲ್ಟಿನ ಸಂದುಗಳಿಗೆ ಚೆಲ್ಲುತ್ತವೆ, ನಳಿಕೆಯಲ್ಲಿ ತಡೆ ಉಳಿಯುತ್ತದೆ. ತಡೆಯಿರುವ ನಳಿಕೆಯಲ್ಲಿ ಇನ್ನೊಂದು ತೋಟಾ ಹಾರಿಸಿದರೆ ನಳಿಕೆ ಉಬ್ಬಬಹುದು ಅಥವಾ ಒಡೆಯಬಹುದು. ವಾಹನ ಏರುವ ಮುನ್ನ, ಮನೆ ಸೇರುವ ಮುನ್ನ ಕೋವಿಯನ್ನು ಖಾಲಿ ಮಾಡಲೇಬೇಕಾದ ಹೊರಾಂಗಣ ಬಳಕೆಯಲ್ಲಿ ಇದು ಗಂಭೀರ ತೊಡಕು. ಹೀಗಾಗಿ ಬೇಟೆ ರೈಫಲ್‌ಗಳ ಕಾರ್ಖಾನೆ ತೋಟಾಗಳಲ್ಲಿ ಸ್ವಲ್ಪ ಜಿಗಿತವನ್ನು ಬೇಕೆಂದೇ ಉಳಿಸಲಾಗುತ್ತದೆ. ಧೂಳು ಅಥವಾ ಕಿಟ್ಟ ಸೇರಿದ ಚೇಂಬರಿನಲ್ಲೂ ತೋಟಾ ಸಲೀಸಾಗಿ ಕೂರಲು ಈ ಅವಕಾಶ ಬೇಕು.

ಹೊಂದದ ಜೋಡಿ

ಹೊರನೋಟಕ್ಕೆ ಒಂದೇ ಆಗಿರುವ ತೋಟಾಗಳಿಗೂ ಗಂಟಲಿನ ಅಳತೆ ಬೇರೆ ಇರಬಹುದು. .223 ರೆಮಿಂಗ್ಟನ್ ಎಂಬ ನಾಗರಿಕ ತೋಟಾ ಮತ್ತು 5.56 ನ್ಯಾಟೋ ಎಂಬ ಸೈನಿಕ ತೋಟಾಗಳ ಕವಚದ ಹೊರ ಅಳತೆ ಹೆಚ್ಚುಕಡಿಮೆ ಒಂದೇ. ಆದರೆ ನ್ಯಾಟೋ ಚೇಂಬರಿನ ಗಂಟಲು ಉದ್ದವಾಗಿದೆ. ಉದ್ದ ಗಂಟಲಿಗಾಗಿ ತುಂಬಿದ ಸೈನಿಕ ತೋಟಾವನ್ನು ಗಿಡ್ಡ ಗಂಟಲಿನ ನಾಗರಿಕ ರೈಫಲ್‌ನಲ್ಲಿ ಹಾರಿಸಿದರೆ ಒತ್ತಡ ಮಿತಿಮೀರಬಹುದಾದ ಕಾರಣ, ಅಮೆರಿಕದ ತಯಾರಕರ ಮಾನಕ ಸಂಸ್ಥೆಯಾದ ಸಾಮಿ ಇದನ್ನು ಅಸುರಕ್ಷಿತ ಜೋಡಿಗಳ ಪಟ್ಟಿಯಲ್ಲಿ ಸೇರಿಸಿದೆ. ಹಾಗೆಯೇ, ಉದ್ದ ಫ್ರೀಬೋರಿಗಾಗಿ ತುಂಬಿದ ವೆದರ್ಬಿ ತೋಟಾವನ್ನು ಫ್ರೀಬೋರ್ ಇಲ್ಲದೆ ಕೊರೆದ ಚೇಂಬರಿನಲ್ಲಿ ಬಳಸುವುದು ಅಪಾಯಕಾರಿ.

ಇಂಥ ಗೊಂದಲ ತಪ್ಪಿಸಲೆಂದೇ 1926ರಲ್ಲಿ ಸ್ಥಾಪನೆಯಾದ ಸಾಮಿ ಮತ್ತು 1914ರಲ್ಲಿ ಬೆಲ್ಜಿಯಂನ ಲೀಜ್ ನಗರದಲ್ಲಿ ಆರಂಭವಾದ ಸಿಐಪಿ ಎಂಬ ಅಂತರರಾಷ್ಟ್ರೀಯ ಆಯೋಗ ತೋಟಾ ಮತ್ತು ಚೇಂಬರುಗಳ ಮಾನಕ ನಕ್ಷೆಗಳನ್ನು ಪ್ರಕಟಿಸುತ್ತವೆ.

ನಿಖರತೆಯ ಮೇಲಿನ ಪರಿಣಾಮ

ಗುಂಡಿನ ಅಕ್ಷ ಮತ್ತು ನಳಿಕೆಯ ಅಕ್ಷ ಒಂದೇ ರೇಖೆಯಲ್ಲಿರುವಾಗ ಗುಂಡು ಏಣುಗಳನ್ನು ಕಚ್ಚಬೇಕು. ಕವಚದ ಹಿಡಿತದಿಂದ ಬಿಡಿಸಿಕೊಂಡು ಏಣುಗಳನ್ನು ತಲುಪುವವರೆಗೆ ಗುಂಡಿಗೆ ಆಧಾರ ಕಡಿಮೆ. ಈ ಅಂತರದಲ್ಲಿ ಅದು ತುಸು ಓರೆಯಾದರೂ ಓರೆಯಾಗಿಯೇ ಕೊರೆಯಲ್ಪಟ್ಟು, ನಳಿಕೆಯಿಂದ ಹೊರಬಂದ ಮೇಲೆ ದಾರಿ ತಪ್ಪುತ್ತದೆ. ಈ ಕಾರಣದಿಂದ ಗುರಿ ಸ್ಪರ್ಧೆಯ ರೈಫಲ್‌ಗಳಲ್ಲಿ ಜಿಗಿತವನ್ನು ತೀರ ಕಡಿಮೆ ಇಡುವ ಪದ್ಧತಿ ಬೆಳೆದಿದೆ.

ಆದರೆ ಉದ್ದವಾದ ಫ್ರೀಬೋರ್ ಇದ್ದಲ್ಲಿ ನಿಖರತೆ ಇರಲಾರದು ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ಉದ್ದದಷ್ಟೇ ವ್ಯಾಸವೂ ಮುಖ್ಯ. ಫ್ರೀಬೋರಿನ ವ್ಯಾಸ ಗುಂಡಿನ ವ್ಯಾಸಕ್ಕೆ ಅತಿ ಸಮೀಪವಾಗಿದ್ದರೆ ಅದೇ ಗುಂಡಿಗೆ ದಾರಿ ತೋರುವ ಕೊಳವೆಯಂತೆ ವರ್ತಿಸಿ ಓರೆಯಾಗದಂತೆ ತಡೆಯುತ್ತದೆ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ತೋಟಾದ ಮಾನಕ ಚೇಂಬರಿನಲ್ಲಿ ಫ್ರೀಬೋರಿನ ಉದ್ದ ಸುಮಾರು 5 ಮಿ.ಮೀ. ಇದೆ. ಆದರೆ ಅದರ ವ್ಯಾಸ ಗುಂಡಿನ 6.71 ಮಿ.ಮೀ.ಗಿಂತ ಸುಮಾರು ನೂರನೇ ಒಂದು ಮಿ.ಮೀ. ಮಾತ್ರ ಹೆಚ್ಚು. ಈ ತೋಟಾ ದೂರದ ಗುರಿಗೆ ಹೆಸರಾಗಿದೆ. ಉದ್ದವೂ ಸಡಿಲವೂ ಆದ ಗಂಟಲು ಮಾತ್ರ ನಿಖರತೆಗೆ ಕಂಟಕ.

ಗುಂಡಿನ ಬಗೆಯೂ ಪರಿಣಾಮ ಬೀರುತ್ತದೆ. ತೀಕ್ಷ್ಣ ಮೂತಿಯ ಉದ್ದನೆಯ ಗುಂಡುಗಳು ಜಿಗಿತದ ಬದಲಾವಣೆಗೆ ಹೆಚ್ಚು ಸೂಕ್ಷ್ಮ. ಸೀಸವಿಲ್ಲದ, ಪೂರ್ತಿ ತಾಮ್ರದ ಗುಂಡುಗಳು ಗಟ್ಟಿಯಾಗಿರುವುದರಿಂದ ಅವಕ್ಕೆ ಒಂದು ಮಿ.ಮೀ.ಗೂ ಹೆಚ್ಚಿನ ಜಿಗಿತ ನೀಡುವುದು ವಾಡಿಕೆ. ಬೇಟೆ ರೈಫಲ್‌ನಲ್ಲಿ ತೋಟಾದ ಉದ್ದವನ್ನು ಮ್ಯಾಗಜೀನಿನ ಉದ್ದ ನಿರ್ಬಂಧಿಸುತ್ತದೆ. ಹೀಗಾಗಿ ಅಲ್ಲಿ ಅತ್ಯಲ್ಪ ಜಿಗಿತಕ್ಕಿಂತ ಎಲ್ಲ ತೋಟಾಗಳಲ್ಲೂ ಒಂದೇ ಸಮನಾದ ಜಿಗಿತಕ್ಕೆ ಹೆಚ್ಚು ಬೆಲೆ.

ಗಂಟಲಿನ ಸವೆತ

ನಳಿಕೆಯಲ್ಲಿ ಮೊದಲು ಸವೆಯುವ ಭಾಗ ಗಂಟಲು. ಗುಂಡು ತೋಡುಗಳನ್ನು ಮುಚ್ಚುವ ಮುನ್ನ ಕಾದ ಅನಿಲ ಅದರ ಬದಿಯಿಂದ ನುಸುಳಿ ಉಕ್ಕಿನ ಮೈಯನ್ನು ಸುಡುತ್ತದೆ. ಕಾಲಕ್ರಮೇಣ ಉಕ್ಕಿನ ಮೇಲೆ ಒಣಗಿದ ಕೆರೆಯಂಗಳದಂತೆ ಸಣ್ಣ ಬಿರುಕುಗಳ ಜಾಲ ಮೂಡಿ, ಏಣುಗಳ ಮೊದಲ ಭಾಗ ಅಳಿಸಿಹೋಗುತ್ತದೆ. ಪರಿಣಾಮವಾಗಿ ಫ್ರೀಬೋರ್ ತಾನಾಗಿಯೇ ಉದ್ದವಾಗುತ್ತ ಹೋಗುತ್ತದೆ, ವೇಗವೂ ನಿಖರತೆಯೂ ಕುಗ್ಗುತ್ತವೆ. ಕಿರಿದಾದ ನಳಿಕೆಯಲ್ಲಿ ಹೆಚ್ಚು ಮದ್ದು ಉರಿಸುವ ಮ್ಯಾಗ್ನಮ್ ತೋಟಾಗಳಲ್ಲಿ ಈ ಸವೆತ ತೀವ್ರ. ನಳಿಕೆ ಆರುವುದಕ್ಕೆ ಬಿಡದೆ ಸುತ್ತಿನ ಮೇಲೆ ಸುತ್ತು ಹಾರಿಸಿದರೆ ಇನ್ನೂ ಬೇಗ.

ವರ್ಷಕ್ಕೆ ಬೆರಳೆಣಿಕೆಯಷ್ಟು ತೋಟಾ ಹಾರಿಸುವ ಕೋವಿಯಲ್ಲಿ ಸವೆತಕ್ಕಿಂತ ತುಕ್ಕು ದೊಡ್ಡ ಶತ್ರು. ಮಳೆಗಾಲದ ತೇವದಿಂದ ಗಂಟಲಲ್ಲಿ ಎದ್ದ ತುಕ್ಕಿನ ಗುಳಿಗಳು ಗುಂಡಿನ ಮೈಯನ್ನು ಕೆರೆಯುತ್ತವೆ, ಕಿಟ್ಟವನ್ನು ಹಿಡಿದಿಡುತ್ತವೆ.

ಅಳೆಯುವ ಕ್ರಮ

ಗಂಟಲಿನ ನಿಜವಾದ ಉದ್ದವನ್ನು ಬರಿಗಣ್ಣಿನಿಂದ ತಿಳಿಯಲಾಗದು. ಕಾರ್ಖಾನೆಗಳಲ್ಲಿ ಮಾಪಕಗಳಿಂದ ಅಥವಾ ಚೇಂಬರಿನ ಅಚ್ಚು ತೆಗೆದು ಅಳೆಯಲಾಗುತ್ತದೆ. ಅಚ್ಚಿಗೆ ಕಡಿಮೆ ಉಷ್ಣತೆಯಲ್ಲಿ ಕರಗುವ ಮಿಶ್ರಲೋಹವನ್ನು ಬಳಸುತ್ತಾರೆ. ನಳಿಕೆಯೊಳಗೆ ಇಳಿಸುವ ಸಣ್ಣ ಕ್ಯಾಮೆರಾ ಸವೆತ ಮತ್ತು ತುಕ್ಕನ್ನು ತೋರಿಸುತ್ತದೆ. ಗಂಟಲನ್ನು ಉದ್ದಗೊಳಿಸಲು ವಿಶೇಷ ರೀಮರ್ ಬಳಸಲಾಗುತ್ತದೆ. ಒಮ್ಮೆ ತೆಗೆದ ಉಕ್ಕನ್ನು ಮರಳಿ ಸೇರಿಸಲಾಗದ ಕಾರಣ, ತಪ್ಪಾದ ಗಂಟಲಿಗೆ ಉಳಿಯುವ ದಾರಿ ನಳಿಕೆಯನ್ನು ಹಿಂದಕ್ಕೆ ಸರಿಸಿ ಚೇಂಬರನ್ನು ಹೊಸದಾಗಿ ಕೊರೆಯುವುದು ಅಥವಾ ನಳಿಕೆಯನ್ನೇ ಬದಲಿಸುವುದು.

ನುಣುಪು ನಳಿಕೆಯ ಕೋವಿಗಳಲ್ಲಿ

ಚರೆ ತೋಟಾ ಕೋವಿಗಳಲ್ಲಿ ಸುರುಳಿ ತೋಡುಗಳಿಲ್ಲವಾದ್ದರಿಂದ ನಿಜಾರ್ಥದ ಫ್ರೀಬೋರ್ ಇಲ್ಲ. ಚೇಂಬರಿನಿಂದ ನಳಿಕೆಗೆ ಕಿರಿದಾಗುತ್ತ ಸಾಗುವ ಇಳಿಜಾರು ಭಾಗ ಅಲ್ಲಿ ಗಂಟಲಿನ ಕೆಲಸ ಮಾಡುತ್ತದೆ. ಇಲ್ಲೂ ತೋಟಾ ಮತ್ತು ಚೇಂಬರ್ ಹೊಂದಲೇಬೇಕು. 12 ಬೋರಿನ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು 65 ಮಿ.ಮೀ. ಚೇಂಬರಿನವು. ಇಂದು ಬಳಕೆಯಲ್ಲಿರುವ ತೋಟಾಗಳು ಸಾಮಾನ್ಯವಾಗಿ 70 ಮಿ.ಮೀ., ಮ್ಯಾಗ್ನಮ್ ಆದರೆ 76 ಮಿ.ಮೀ. ಉದ್ದದವು. ಈ ಅಳತೆ ತೋಟಾದ ಬಾಯಿ ಬಿಚ್ಚಿಕೊಂಡ ಮೇಲಿನದು. ಮಡಚಿದ ಬಾಯಿಯ ಉದ್ದ ತೋಟಾ ಗಿಡ್ಡ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಮಾತ್ರ ಅದರ ಬಾಯಿ ಇಳಿಜಾರಿನೊಳಕ್ಕೆ ಬಿಚ್ಚಿಕೊಂಡು ದಾರಿಯನ್ನು ಕಿರಿದುಗೊಳಿಸಿ ಒತ್ತಡವನ್ನು ಏರಿಸುತ್ತದೆ. ‘ಒಳಗೆ ಹಿಡಿಯಿತು, ಆದ್ದರಿಂದ ಸರಿ’ ಎಂಬ ಊಹೆ ಇಲ್ಲಿ ನಿಲ್ಲುವುದಿಲ್ಲ. ನಳಿಕೆಯ ಮೇಲೆ ಅಚ್ಚೊತ್ತಿರುವ ಚೇಂಬರಿನ ಉದ್ದವನ್ನು ಓದಿಯೇ ತೋಟಾ ಆಯಬೇಕಾಗುತ್ತದೆ.

ಬಾಯಿಯಿಂದ ಮದ್ದು ತುಂಬುವ ಕೋವಿಗಳಲ್ಲಿ ಅಪಾಯದ ತೆರಪು ಗುಂಡಿನ ಮುಂದಲ್ಲ, ಹಿಂದೆ ಇರುತ್ತದೆ. ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂರದೆ ನಳಿಕೆಯ ನಡುವೆ ನಿಂತಿದ್ದರೆ ಅದು ತಡೆಯಂತೆ ವರ್ತಿಸಿ, ಆ ಜಾಗದಲ್ಲಿ ನಳಿಕೆ ಬಳೆಯಂತೆ ಉಬ್ಬಬಹುದು ಅಥವಾ ಸಿಡಿಯಬಹುದು. ಸರಿಯಾಗಿ ತುಂಬಿದಾಗ ಸಲಾಕೆ ಎಷ್ಟು ಹೊರಗುಳಿಯುತ್ತದೆ ಎಂಬುದಕ್ಕೆ ಅದರ ಮೇಲೊಂದು ಗುರುತು ಮಾಡಿಟ್ಟುಕೊಳ್ಳುವುದು ಹಳೆಯ ಕಾಲದಿಂದ ಬಂದ ಎಚ್ಚರಿಕೆ.

ಭಾರತದಲ್ಲಿ

ಭಾರತದಲ್ಲಿ ಸೈನಿಕ ಬಳಕೆಯ ಬೋರುಗಳು ಸಾಮಾನ್ಯ ಪರವಾನಗಿದಾರರಿಗೆ ನಿಷಿದ್ಧವಾಗಿವೆ. ನಾಗರಿಕ ಬಳಕೆಗೆ ದೊರೆಯುವ ದೇಶೀ ರೈಫಲ್‌ಗಳಲ್ಲಿ ಪ್ರಸಿದ್ಧವಾದುದು ಪಶ್ಚಿಮ ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆಯ .315 ಬೋರಿನ ರೈಫಲ್. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಕಾರ್ಖಾನೆ ಮಂಡಳಿಯನ್ನು ಏಳು ಸರ್ಕಾರಿ ಕಂಪನಿಗಳಾಗಿ ವಿಂಗಡಿಸಲಾಯಿತು. ಪರವಾನಗಿದಾರರು ಕಾರ್ಖಾನೆ ತೋಟಾಗಳನ್ನೇ ಅವಲಂಬಿಸಿರುವ ಇಲ್ಲಿ, ಗುಂಡನ್ನು ಮುಂದೆ ಹಿಂದೆ ಸರಿಸಿ ಜಿಗಿತ ಹೊಂದಿಸಿಕೊಳ್ಳುವ ವಿದೇಶಿ ಹವ್ಯಾಸಿಗಳ ಪದ್ಧತಿಗೆ ಎಡೆಯಿಲ್ಲವೆಂದೇ ಹೇಳಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕುಗಳ ತಯಾರಿಕೆ, ಮಾರಾಟಗಳಂತೆಯೇ ಮಾರ್ಪಾಡು, ದುರಸ್ತಿ ಮತ್ತು ಪರೀಕ್ಷೆಯ ವೃತ್ತಿಗೂ ಪರವಾನಗಿ ಬೇಕು. ಹೀಗಾಗಿ ಚೇಂಬರ್ ಅಥವಾ ಗಂಟಲನ್ನು ಕೊರೆಯುವುದು ಪರವಾನಗಿ ಪಡೆದ ಕುಶಲಕರ್ಮಿ ಮಾತ್ರ ಮಾಡಬಹುದಾದ ಕೆಲಸ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯ ನಂತರ ದೇಶದಲ್ಲಿ ಹವ್ಯಾಸದ ಬೇಟೆಗೆ ಅವಕಾಶವಿಲ್ಲ.

ಮಂಡ್ಯ ಜಿಲ್ಲೆಯ ಸಂದರ್ಭ

ಒಂದು ಕಾಲಕ್ಕೆ ಬಂದೂಕು ತಯಾರಿಕೆಗೆ ಹೆಸರಾಗಿದ್ದ ಶ್ರೀರಂಗಪಟ್ಟಣ ಮತ್ತು ಅದರ ನೆರೆಯ ತಾಲ್ಲೂಕುಗಳು ಇಂದು ವನ್ಯಜೀವಿ ಧಾಮಗಳ ನೆಲೆ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ 1940ರಲ್ಲಿ ಘೋಷಿತವಾದ ರಂಗನತಿಟ್ಟು ಪಕ್ಷಿಧಾಮವಿದೆ. ಪಾಂಡವಪುರ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳಲ್ಲಿ 1974ರಲ್ಲಿ ಘೋಷಿತವಾದ ಮೇಲುಕೋಟೆ ವನ್ಯಜೀವಿಧಾಮ, ನಾಗಮಂಗಲ ತಾಲ್ಲೂಕಿನಲ್ಲಿ 1981ರಲ್ಲಿ ಘೋಷಿತವಾದ ಆದಿಚುಂಚನಗಿರಿ ನವಿಲುಧಾಮ ಇವೆ.

ಇಂಥ ಕೃಷಿಪ್ರದೇಶಗಳಲ್ಲಿ ಕೋವಿ ಪರವಾನಗಿಯ ಪ್ರಶ್ನೆ ಬರುವುದು ಮುಖ್ಯವಾಗಿ ಬೆಳೆ ರಕ್ಷಣೆ ಮತ್ತು ಆತ್ಮರಕ್ಷಣೆಗೆ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಈ ಸಂದರ್ಭದಲ್ಲಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಕೆಯ ನುಣುಪು ಕೋವಿಯನ್ನೂ, ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೂ ಹೆಸರಿಸುತ್ತದೆ. ಬೆಳೆ ರಕ್ಷಣೆಯ ಪರವಾನಗಿ ಎಂದರೆ ವನ್ಯಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ, ಅದಕ್ಕೆ ವನ್ಯಜೀವಿ ಕಾಯ್ದೆಯಡಿ ಪ್ರತ್ಯೇಕ ಆದೇಶ ಬೇಕು. ತಲೆಮಾರಿನಿಂದ ಬಂದ ಕೋವಿಯನ್ನು ಬಳಸುವ ಕುಟುಂಬಕ್ಕೆ ಫ್ರೀಬೋರಿನ ಸೂಕ್ಷ್ಮ ಲೆಕ್ಕಕ್ಕಿಂತ ಹೆಚ್ಚು ಉಪಯುಕ್ತವಾದವು ಚೇಂಬರಿನ ಉದ್ದಕ್ಕೆ ಹೊಂದುವ ತೋಟಾ, ತುಕ್ಕಿಲ್ಲದ ಗಂಟಲು ಮತ್ತು ತಡೆಯಿಲ್ಲದ ನಳಿಕೆ. ಚುನಾವಣೆಯ ವೇಳೆ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ಮರಳಿ ಪಡೆದ ಅಥವಾ ಬಹುಕಾಲ ಮೂಲೆಯಲ್ಲಿದ್ದ ಕೋವಿಯ ನಳಿಕೆಯಲ್ಲಿ ಕಣಜದ ಮಣ್ಣಿನ ಗೂಡು, ಹಳೆಯ ಎಣ್ಣೆಬಟ್ಟೆಯ ಚೂರು ಇರುವ ಸಾಧ್ಯತೆಯೂ ಇರುವುದರಿಂದ, ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡುವುದು ಅಗತ್ಯ.

ಇವನ್ನೂ ನೋಡಿ

- ರೈಫಲ್
- ತೋಟಾ
- ಮೈಸೂರು ರಾಕೆಟ್
- ಶ್ರೀರಂಗಪಟ್ಟಣ
- ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972